ಕಿರುಬೆರಳು ಹಿಡಿದವರು

ಫೆಬ್ರವರಿ ೯

ನಾಳಿದ್ದು ಆಸ್ಪತ್ರೆಗೆ ಸೇರಬೇಕು. ಆಮೇಲೆ ಬಲಗೈಯಲ್ಲಿ ಬರೆಯುವುದು ಯಾವಾಗಲೋ ಏನೋ. ಅದಕ್ಕೇ ಇವತ್ತು ಕೈ ನೋಯುವಷ್ಟು ಬರೆದುಬಿಡುತ್ತೇನೆ.

ಮಣಿಕಟ್ಟಿಗಿಂತ ನಾಲ್ಕು ಬೆರಳು ಮೇಲೆ, ಚರ್ಮದಡಿ ಒಂದು ಗಂಟು. ನನ್ನ ಮೈಗೆ ಗಂಟುಗಳೇನು ಹೊಸತಲ್ಲ. ಬೆನ್ನಿನ ಮೇಲೆ ಮೆತ್ತಗಿನ ಸಣ್ಣ ಸಣ್ಣವು ಬೇಕಾದಷ್ಟಿವೆ, ಜೊತೆಗೆ ಚಹಾ ಚೆಲ್ಲಿದಂಥ ಕಂದು ಮಚ್ಚೆಗಳು. ಡಾಕ್ಟರರು ಇದಕ್ಕೆ ನ್ಯೂರೋಫೈಬ್ರೊಮಟೋಸಿಸ್ ಅನ್ನುತ್ತಾರೆ. ಹೇಳಿ ಮುಗಿಸುವಷ್ಟರಲ್ಲಿ ಇನ್ನೊಂದು ಗಂಟು ಎದ್ದಿರುತ್ತದೆ. ಅಮ್ಮನಿಂದ ನನಗೆ ಬಂತು, ನನ್ನಿಂದ ಮಗಳಿಗೆ ಹೋಯಿತು. ಅವಳಿಗೆ ಸದ್ಯ ಮಚ್ಚೆಗಳು ಮಾತ್ರ. ವರ್ಷಕ್ಕೊಮ್ಮೆ ತೋರಿಸಿ ಅಂದಿದ್ದಾರೆ, ಈ ವರ್ಷ ನನ್ನದೇ ಗಲಾಟೆಯಲ್ಲಿ ಅದು ಹಿಂದೆ ಬಿದ್ದಿದೆ. ಮಗಳನ್ನು ನಾವು ಗುಂಡಿ ಅನ್ನುತ್ತೇವೆ. ಎರಡು ವರ್ಷದವಳಿದ್ದಾಗ ಗಿರಾಕಿಯ ಕೋಟಿನ ಗುಂಡಿ ನುಂಗಿ, ಅದು ಹೊರಗೆ ಬರುವವರೆಗೆ ನಮ್ಮಿಬ್ಬರ ಜೀವ ಹಿಂಡಿದ್ದಳು. ಆ ಹೆಸರೇ ನಿಂತಿತು.

ಬೆನ್ನಿನ ಗಂಟುಗಳು ಅವುಗಳ ಪಾಡಿಗೆ ಅವು ಇವೆ. ಆದರೆ ಕೈಯದು ನರದೊಳಗೆ ಹೊಕ್ಕಿದೆ.

"ಇದು ನರದ ಪಕ್ಕ ಅಂಟ್ಕೊಂಡಿಲ್ಲ. ನರದ ಎಳೆಗಳ ಮಧ್ಯದಲ್ಲೇ ಬೆಳೆದಿದೆ. ಮೈಕ್ರೋಸ್ಕೋಪ್ ಇಟ್ಕೊಂಡು ಒಂದೊಂದೇ ಎಳೆ ಬಿಡಿಸ್ತೀವಿ. ಒಳ್ಳೇ ಎಳೆ ಮುಟ್ಟಿದ್ರೆ ಕೂಗೋ ಮಷೀನ್ ಇದೆ. ಬಿಡಿಸೋಕಾಗದ್ದು ಇದ್ರೆ ಮಾತ್ರ ಕತ್ತರಿಸ್ತೀವಿ" ಎಂದರು ಸರ್ಜನ್.

"ಕತ್ತರಿಸಿದ್ರೆ?"

"ಕಿರುಬೆರಳು, ಉಂಗುರದ ಬೆರಳು ಜೋಮು ಹಿಡಿದ ಹಾಗೇ ಇರುತ್ತೆ. ವಾಪಸ್ ಬರಬಹುದು, ಬರದೇನೂ ಇರಬಹುದು."

"ಹಾಗೇ ಬಿಟ್ಟುಬಿಟ್ರೆ?"

"ಇಷ್ಟು ಬೇಗ ಬೆಳೆಯೋದನ್ನ ಬಿಡಬಾರದಮ್ಮ. ಕೆಟ್ಟದ್ದಕ್ಕೆ ತಿರುಗುತ್ತೆ."

ನನಗೆ ಗೊತ್ತಿಲ್ಲವೇ? ಅಮ್ಮನದು ಹಾಗೇ ತಿರುಗಿತು. ಕೊಯ್ಯಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದು, ನಾನು ಐದನೇ ಕ್ಲಾಸಿನಲ್ಲಿದ್ದಾಗ ಹೋಗಿಬಿಟ್ಟಳು.

ಆದರೂ ಸಿಟ್ಟು ಬರುತ್ತದೆ. ಬೇರೆ ಯಾವ ಬೆರಳಾದರೂ ಆಗಬಾರದಿತ್ತೇ? ನಾನು ರಫೂ ಮಾಡುವವಳು. ಹರಿದ ಬಟ್ಟೆಯ ಒಳಮಡಿಕೆಯಿಂದ ಅದರದೇ ದಾರ ಎಳೆದು, ಹರಿದ ಜಾಗವನ್ನು ಗೊತ್ತೇ ಆಗದಂತೆ ನೇಯ್ದು ಮುಚ್ಚುವ ಕೆಲಸ. ಮುಗಿದ ಮೇಲೆ ಕಣ್ಣು ಮುಚ್ಚಿ ಕಿರುಬೆರಳಿನಿಂದ ಸವರುತ್ತೇವೆ. ಉಳಿದ ಬೆರಳುಗಳೆಲ್ಲ ಸೂಜಿ ತಿಂದು ತಿಂದು ದಡ್ಡುಗಟ್ಟಿರುತ್ತವೆ. ಸೂಜಿ ಹಿಡಿಯದ ಕಿರುಬೆರಳಿಗೆ ಮಾತ್ರ ಸತ್ಯ ತಿಳಿಯುತ್ತದೆ. ಅದಕ್ಕೆ ತಡೆದರೆ ಬಿಚ್ಚಿ ಮತ್ತೆ ಮಾಡಬೇಕು.

ಈ ಕೆಲಸ ಕಲಿಸಿದವಳೂ ಅಮ್ಮನೇ. ಅವಳ ಬೆರಳುಗಳು ಮೊದಲೇ ಕೈಕೊಟ್ಟಿದ್ದವು. "ನಿನ್ನ ಬೆರಳು ಕೊಡೇ" ಎಂದು ನನ್ನ ಕಿರುಬೆರಳು ಹಿಡಿದು ಬಟ್ಟೆಯ ಮೇಲೆ ಆಡಿಸುತ್ತಿದ್ದಳು. ರಸ್ತೆ ದಾಟುವಾಗಲೂ ಅಷ್ಟೆ, ಎಲ್ಲ ಅಮ್ಮಂದಿರ ಹಾಗೆ ಇಡೀ ಕೈ ಹಿಡಿಯುತ್ತಿರಲಿಲ್ಲ. ಕಿರುಬೆರಳು, ಉಂಗುರದ ಬೆರಳು, ಇವೆರಡನ್ನೇ ಹಿಡಿದು, ನಡುರಸ್ತೆಯಲ್ಲಿ ಮೆಲ್ಲಗೆ ಚಿವುಟಿ "ಇದ್ದೀಯಾ?" ಅನ್ನುವಳು. ನಾನು "ಇದ್ದೀನಿ" ಅನ್ನಬೇಕು. ಅದು ನಮ್ಮಿಬ್ಬರ ಆಟ. ಸೂಜಿ ತಾಗದಿರಲೆಂದು ಬೆರಳಿಗೆ ಹಾಕುವ ತಗಡಿನ ಟೋಪಿಯನ್ನು ಎಷ್ಟೋ ಸಲ ತೆಗೆಯುವುದನ್ನೇ ಮರೆತು ಬಂದಿರುತ್ತಿದ್ದಳು. ಅದು ತಣ್ಣಗೆ ತಾಗುತ್ತಿತ್ತು. ಈ ಆಟವನ್ನು ನಾನು ಯಾರಿಗೂ ಹೇಳಿಲ್ಲ, ಗುಂಡಿಗೂ ಹೇಳಿಲ್ಲ.

ಫೆಬ್ರವರಿ ೧೫

ಎಡಗೈ. ಅಕ್ಷರ ಕೋಳಿ ಕೆದಕಿದ ಹಾಗಿದೆ. ಗಂಟು ಹೋಯಿತು. ಎರಡು ಎಳೆ ಬಿಡಿಸಲಾಗಲಿಲ್ಲವಂತೆ, ಕತ್ತರಿಸಿದರು. ಕಾಲಿನಿಂದ ನರದ ತುಂಡು ತೆಗೆದು ಜೋಡಿಸಿದ್ದಾರೆ. "ಅದೇ ಬಟ್ಟೆಯ ದಾರ" ಎಂದೆ. ಸರ್ಜನ್‌ಗೆ ಅರ್ಥವಾಗಲಿಲ್ಲ, ನಮ್ಮ ಮನೆಯವರು ನಕ್ಕರು.

ಫೆಬ್ರವರಿ ೨೭

ಗಂಟಿನಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಬಂತು. ಮನೆಯವರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಲಿಫ್ಟ್ ರಿಪೇರಿ ಮಾಡುವ ಗಂಡಸು, ಹನ್ನೆರಡನೇ ಮಹಡಿಯಲ್ಲಿ ನೇತಾಡಿದರೂ ಹೆದರುವವರಲ್ಲ. ನನ್ನ ಎರಡು ಬೆರಳು ಮಾತ್ರ ಕೊರಡು. ಕಚ್ಚಿ ನೋಡಿದೆ. ಬೇರೆ ಯಾರದೋ ಬೆರಳು ಬಾಯಿಗೆ ಹಾಕಿಕೊಂಡಂತಾಗಿ ಅಸಹ್ಯವಾಯಿತು.

ಮಾರ್ಚ್ ೧೮

ಇವತ್ತು ಬ್ಯಾಂಡೇಜ್ ಪೂರ್ತಿ ಬಿಚ್ಚಿದರು. ಒಬ್ಬಳೇ ಹೊರಟೆ. ಆಸ್ಪತ್ರೆಯ ಮುಂದಿನ ದೊಡ್ಡ ರಸ್ತೆಯಲ್ಲಿ ಸಿಗ್ನಲ್‌ಗೆ ಕಾಯುತ್ತಿದ್ದಾಗ ಯಾರೋ ನನ್ನ ಆ ಎರಡು ಕೊರಡು ಬೆರಳು ಹಿಡಿದರು.

ತಿರುಗಿ ನೋಡಿದೆ. ಪಕ್ಕದಲ್ಲಿ ಸೈಕಲ್ ತಳ್ಳಿಕೊಂಡಿದ್ದ ಮುದುಕರು, ಅವರ ಎರಡು ಕೈಯೂ ಹ್ಯಾಂಡಲ್ ಮೇಲಿದ್ದವು. ದಾಟುವಾಗಲೂ ಹಿಡಿತ ಬಿಡಲಿಲ್ಲ. ಆಚೆ ಕಾಲಿಟ್ಟ ಮೇಲೆ ಬಿಟ್ಟಿತು. ನರದ ಚೇಷ್ಟೆ ಇರಬೇಕು. ಕೈ ಕತ್ತರಿಸಿದವರಿಗೂ ಇಲ್ಲದ ಕೈ ನೋಯುತ್ತದಂತೆ. ಹಾಗೆಂದುಕೊಂಡು ಬಸ್ ಹತ್ತಿದೆ.

ಒಂದು ಮಾತು ಮಾತ್ರ. ತಣ್ಣಗಿತ್ತು, ಒಂದೇ ಕಡೆ, ತಗಡು ತಾಗಿದ ಹಾಗೆ.

ಏಪ್ರಿಲ್ ೬

ಕೈಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿ ಒಳ್ಳೆಯವಳು, ಆದರೆ ಬಾಯಿಗೆ ಬೀಗವಿಲ್ಲ. ಕಣ್ಣು ಮುಚ್ಚಿಸಿ, ಹತ್ತಿ, ಸೂಜಿ, ಬಿಸಿ ಚಮಚ ಹೀಗೆ ಒಂದೊಂದೇ ತಾಗಿಸುತ್ತಾಳೆ. "ಗೊತ್ತಾದಾಗ ಹೇಳಿ ಅಕ್ಕಾ."

"ಈಗ" ಎಂದೆ.

"ನಾನಿನ್ನೂ ಮುಟ್ಟೇ ಇಲ್ವಲ್ಲಾ!"

ಕಣ್ಣು ಬಿಟ್ಟೆ. ಅವಳು ಸೂಜಿ ಹಿಡಿದು ಗೇಣುದ್ದ ದೂರದಲ್ಲಿದ್ದಳು. ನನ್ನ ಕಿರುಬೆರಳು ಒಂಚೂರು ಮಡಚಿಕೊಂಡಿತ್ತು. ಅದನ್ನು ಮಡಚುವ ಶಕ್ತಿ ನನಗೆ ಇನ್ನೂ ಬಂದಿಲ್ಲ.

ಮನೆಯವರಿಗೆ ಹೇಳಲಿಲ್ಲ. ಹೇಳಿದರೆ ತಲೆಯ ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತಾರೆ ಅಷ್ಟೆ.

ಮೇ ೨

ಕೆಲಸಕ್ಕೆ ಮರಳಿದೆ. ಮೂರು ಬೆರಳಲ್ಲಿ ಸೂಜಿ ಹಿಡಿಯಬಹುದು, ಆದರೆ ಸವರಿ ನೋಡುವ ಬೆರಳಿಲ್ಲ. ಎಡಗೈಯ ಕಿರುಬೆರಳಿಗೆ ಈ ವಿದ್ಯೆ ಬಾರದು. ಬಟ್ಟೆ ಮನೆಗೆ ತಂದು ಗುಂಡಿಯನ್ನು ಕರೆದೆ. "ನಿನ್ನ ಬೆರಳು ಕೊಡೇ."

ಮಾತು ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು. ಅದು ಅಮ್ಮನದೇ ಧಾಟಿ.

ಗುಂಡಿ ಎಡಚಿ, ಎಡಗೈ ಚಾಚಿದಳು. ಉಣ್ಣೆಯ ಕೋಟು, ಮೊಣಕೈ ಹತ್ತಿರ ಹರಿದದ್ದು. ಕಣ್ಣು ಮುಚ್ಚಿ ಕಿರುಬೆರಳು ಆಡಿಸಿ "ನುಣ್ಣಗಿದೆ" ಎಂದಳು. ಸರಿಯಾಗಿ ನೋಡೇ ಎಂದರೆ "ಬೆಣ್ಣೆ, ಬೆಣ್ಣೆ" ಎಂದು ಕುಣಿದಳು. ಕೂಲಿಯಾಗಿ ಎರಡು ಬಿಸ್ಕತ್ತು ಕೊಟ್ಟೆ.

ಈಗ ರಸ್ತೆ ದಾಟುವಾಗ ಪ್ರತಿ ಸಲವೂ ಆ ಹಿಡಿತ ಬರುತ್ತಿದೆ. ಗುಂಡಿಯನ್ನು ಎಡಗಡೆಗೆ ಹಾಕಿಕೊಳ್ಳುತ್ತೇನೆ. ಬಲಗಡೆ ಜಾಗ ಇರಲಿ.

ಮೇ ೨೪

ಮಾನ ಹೋಯಿತು. ಆ ಕೋಟು ವಾಪಸ್ ಬಂತು. ಅಂಗಡಿಯ ಯಜಮಾನರು ಗಿರಾಕಿಯ ಎದುರಿಗೇ ಅದರ ಮೇಲೆ ಬೆರಳಾಡಿಸಿ, "ಏನಮ್ಮಾ ಇದು, ಹಗ್ಗ ಹೊಸೆದಿದ್ದೀಯಾ?" ಎಂದರು. ಹಗ್ಗವೇ. ನನ್ನ ದಡ್ಡುಗಟ್ಟಿದ ಹೆಬ್ಬೆರಳಿಗೂ ತಡೆಯುತ್ತಿತ್ತು.

ಮನೆಗೆ ಬಂದು ಗುಂಡಿಗೆ ಚೆನ್ನಾಗಿ ಬೈದೆ. ಮನಸ್ಸು ಎಲ್ಲಿಟ್ಟಿದ್ದೆ, ಬಿಸ್ಕತ್ತಿನ ಮೇಲಾ ಎಂದೆ. "ನುಣ್ಣಗೇ ಇತ್ತಮ್ಮಾ" ಎಂದು ಅತ್ತಳು. ಸುಳ್ಳು ಬೇರೆ ಹೇಳುತ್ತಾಳೆ. ಇನ್ನು ಅವಳ ಬೆರಳನ್ನು ನಂಬುವುದಿಲ್ಲ.

ಜೂನ್ ೨೦

ಆ ಹಿಡಿತ ಈಗ ಬರಿ ಕೂತಲ್ಲಿಗೆ ಬರುವುದಿಲ್ಲ. ರಸ್ತೆ ದಾಟಬೇಕು. ಹಾಗಾಗಿ ದಾಟುತ್ತೇನೆ. ಇವತ್ತು ಅಂಗಡಿಯ ಮುಂದಿನ ರಸ್ತೆಯನ್ನು ಮೂರು ಸಲ ಸುಮ್ಮಸುಮ್ಮನೆ ದಾಟಿದೆ. ಬೀದಿಬದಿ ಚಪ್ಪಲಿ ಹೊಲಿಯುವವರು "ಏನಾದ್ರೂ ಕಳ್ಕೊಂಡ್ರಾ?" ಎಂದರು. ಇಲ್ಲ, ಸಿಕ್ಕಿದೆ ಎಂದೆ.

ನಾಲ್ಕನೇ ಸಲ ಆಚೆ ಕಾಲಿಟ್ಟ ಮೇಲೂ ಹಿಡಿತ ಬಿಡಲಿಲ್ಲ. ಎಳೆಯಿತು. ನಾನೂ ಹೋದೆ. ಬೇಕರಿ ದಾಟಿ, ನೀರಿನ ಟ್ಯಾಂಕ್ ದಾಟಿ, ನಮ್ಮ ಹಳೆಯ ಮನೆ ಇದ್ದ ಬೀದಿಗೆ. ಮನೆ ಈಗಿಲ್ಲ, ಕಾರು ನಿಲ್ಲಿಸುವ ಜಾಗವಾಗಿದೆ. ಅಲ್ಲಿ ಎರಡು ಕಾರುಗಳ ನಡುವೆ, ಅಮ್ಮ ಕೂತು ರಫೂ ಮಾಡುತ್ತಿದ್ದ ಕಿಟಕಿ ಇದ್ದ ಜಾಗದಲ್ಲಿ, ನಿಂತುಕೊಂಡೆ. ಅಮ್ಮ ಬೆರಳು ಚಿವುಟಿದಳು. ನಾನು "ಇದ್ದೀನಿ" ಎಂದೆ. ಎಷ್ಟು ಹಾಯೆನಿಸಿತು ಎಂದು ಬರೆಯಲು ಬರುವುದಿಲ್ಲ. ಮನಸಾರೆ ಅತ್ತೆ.

ಶಾಲೆ ಬಿಟ್ಟ ಮೇಲೆ ಗುಂಡಿ ಗೇಟಿನಲ್ಲಿ ಒಬ್ಬಳೇ ಕಾದಿದ್ದಳಂತೆ. ಮನೆಯವರು ಕೆಲಸ ಬಿಟ್ಟು ಓಡಿಬಂದು ಕರೆದುಕೊಂಡು ಬಂದರು. "ಎಲ್ಲಿ ಹಾಳಾಗಿ ಹೋಗಿದ್ದೆ?" ಎಂದು ಕೂಗಾಡಿದರು. ಕೈ ನೋವಿತ್ತು ಎಂದೆ. ಕೈ ಎಂದರೆ ಸಾಕು, ಸುಮ್ಮನಾಗುತ್ತಾರೆ, ಪಾಪ.

ಜುಲೈ ೩೦

ಫಿಸಿಯೋ ಹುಡುಗಿ ಗಾಯದಿಂದ ಕೆಳಕ್ಕೆ ಬೆರಳಿನಿಂದ ಕುಟ್ಟುತ್ತಾ ಬರುತ್ತಾಳೆ. ನರ ಬೆಳೆದು ಮುಟ್ಟಿದ ಜಾಗ ಬಂದಾಗ ಝುಂ ಎನ್ನುತ್ತದೆ. ಆ ಜಾಗ ಪ್ರತಿ ಸಲ ಸ್ವಲ್ಪ ಕೆಳಗಿರುತ್ತದೆ. ಮಣಿಕಟ್ಟು ದಾಟಿ ಅಂಗೈಗೆ ಬಂದಿದೆ.

"ಚೆನ್ನಾಗಿ ಬರ್ತಾ ಇದೆ ಅಕ್ಕಾ! ಇನ್ನೇನು ಬೆರಳಿಗೆ ಬಂದುಬಿಡುತ್ತೆ."

ತೋಳಿನಿಂದ ಒಂದು ಇಳಿದು ಬರುತ್ತಿದೆ. ಬೆರಳಿನ ತುದಿಯಲ್ಲಿ ಇನ್ನೊಬ್ಬರು ಕೂತಿದ್ದಾರೆ. ಇವೆರಡೂ ಎದುರುಬದುರಾದ ದಿನ ಯಾರು ಜಾಗ ಬಿಡುತ್ತಾರೆ?

"ಈಗ ಗೊತ್ತಾಯ್ತಾ?" ಎಂದಳು. ಗೊತ್ತಾಗಿತ್ತು. ಇಲ್ಲ ಎಂದೆ. ಅವಳ ಮುಖ ಸಣ್ಣಗಾಯಿತು. ವ್ಯಾಯಾಮ ಮಾಡ್ತಿದ್ದೀರಾ ಎಂದಳು. ಹೂಂ ಎಂದೆ. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಕಪಾಟಿನ ಮೇಲೆ ಎಸೆದು ತಿಂಗಳಾಯಿತು.

ಅಂಗಡಿಯಲ್ಲಿ ಈಗ ನನಗೆ ರಫೂ ಕೊಡುವುದಿಲ್ಲ, ಗುಂಡಿ ಹಾಕುವುದು, ಜಿಪ್ ಬದಲಿಸುವುದು ಅಷ್ಟೆ. ಪರವಾಗಿಲ್ಲ.

ಸೆಪ್ಟೆಂಬರ್ ೮

ಕಾಫಿ ಲೋಟ ಎತ್ತಿದೆ. ಕಿರುಬೆರಳು ಸುಟ್ಟಿತು.

ಸುಟ್ಟಿತು ಎಂದು ಗೊತ್ತಾಯಿತು! ಮನೆಯವರು ಎದುರಿಗೇ ಇದ್ದರು, ನಾನು ಕೈ ಎಳೆದುಕೊಂಡದ್ದನ್ನು ನೋಡಿಬಿಟ್ಟರು. ಲೋಟ ಉರುಳಿತು. "ಗೊತ್ತಾಯ್ತೇನೇ? ಗೊತ್ತಾಯ್ತಾ?" ಎಂದು ನನ್ನ ಬೆರಳನ್ನು ಊದುತ್ತಾ ಅತ್ತರು. ನಾನೂ ಅತ್ತೆ. ಒಂದೇ ಕಾರಣಕ್ಕೆ ಅಳುತ್ತಿದ್ದೇವೆ ಎಂದುಕೊಂಡರು.

ಸಂಜೆ ರಸ್ತೆ ದಾಟಿದೆ. ಗಾಳಿ ತಾಗಿತು. ಅಷ್ಟೆ.

ಸೆಪ್ಟೆಂಬರ್ ೨೧

ಬರುವುದಿಲ್ಲ. ಕಾರು ನಿಲ್ಲಿಸುವ ಜಾಗಕ್ಕೂ ಹೋಗಿ ಬಂದೆ. ಸುಡುಗಾಡು ನರ. ಯಾರು ಕೇಳಿದ್ದರು ಈ ಡಾಕ್ಟರರನ್ನು, ಇಷ್ಟು ಚೆನ್ನಾಗಿ ಹೊಲಿಯಿರಿ ಎಂದು?

ಅಕ್ಟೋಬರ್ ೪

ಇವತ್ತು ಗುಂಡಿಯ ಶಾಲೆಯಿಂದ ಬರುವಾಗ ದೊಡ್ಡ ರಸ್ತೆ. ಅಭ್ಯಾಸದಂತೆ ಅವಳು ನನ್ನ ಎಡಕ್ಕಿದ್ದಳು. ಅವಳ ಬಲಗೈ ನನ್ನ ಕೈಯಲ್ಲಿತ್ತು. ನಡುರಸ್ತೆಯಲ್ಲಿ ಅವಳು ಮೆಲ್ಲಗೆ "ಇದ್ದೀನಿ" ಎಂದಳು.

ಅಲ್ಲೇ ನಿಂತುಬಿಟ್ಟೆ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು. ಅವಳನ್ನು ಎಳೆದುಕೊಂಡು ಆಚೆ ಬಂದೆ.

"ಏನಂದೆ?"

"ಏನಿಲ್ಲ. ನಿಂಗಲ್ಲ."

"ಮತ್ತೆ ಯಾರಿಗೆ?"

"ಕೈ ಹಿಡ್ಕೊಂಡಿದ್ದಾರಲ್ಲ, ಅವ್ರಿಗೆ. ದಿನಾ ಕೇಳ್ತಾರೆ. ಬೆರಳಿಗೆ ಏನೋ ತಣ್ಣಗಿರೋದು ಹಾಕ್ಕೊಂಡಿದ್ದಾರೆ."

ಅವಳ ಎಡಗೈ ಮೈಯಿಂದ ಸ್ವಲ್ಪ ದೂರಕ್ಕೆ ಚಾಚಿತ್ತು. ಕಿರುಬೆರಳೂ ಉಂಗುರದ ಬೆರಳೂ ಜೋಡಿಯಾಗಿ, ಒಂಚೂರು ಮಡಚಿಕೊಂಡಿದ್ದವು.

ಮೊದಲು ನನಗೆ ಬಂದದ್ದು ಹೆದರಿಕೆಯಲ್ಲ. ಹೊಟ್ಟೆಕಿಚ್ಚು. ಅಮ್ಮ ನನ್ನನ್ನು ಬಿಟ್ಟು ಅವಳ ಹತ್ತಿರ ಹೋದಳಲ್ಲ ಎಂದು. ಮನೆಯವರೆಗೂ ಮಗಳ ಜೊತೆ ಮಾತಾಡಲಿಲ್ಲ.

ಊಟ ಬಡಿಸುವಾಗ ಕೋಟು ನೆನಪಾಯಿತು. ಹಗ್ಗದಂಥ ಹೊಲಿಗೆಯ ಮೇಲೆ ಇದೇ ಎಡಗೈಯ ಕಿರುಬೆರಳು ಆಡಿಸಿ "ಬೆಣ್ಣೆ, ಬೆಣ್ಣೆ" ಎಂದಿದ್ದಳು.

ಸೌಟು ಅಲ್ಲೇ ಬಿಟ್ಟು ಸೂಜಿ ತಂದೆ. "ಬಾ, ಒಂದು ಆಟ ಆಡೋಣ" ಎಂದು ಅವಳ ಕಣ್ಣನ್ನು ಅಂಗೈಯಿಂದ ಮುಚ್ಚಿದೆ. "ಚುಚ್ಚಿದಾಗ ಹೇಳು." ಹೆಬ್ಬೆರಳಿಗೆ ತಾಗಿಸಿದೆ, "ಆಯ್" ಎಂದಳು. ತೋರುಬೆರಳಿಗೂ "ಆಯ್". ನಡುಬೆರಳಿಗೂ ಅಷ್ಟೆ. ಕಿರುಬೆರಳಿಗೆ ಮೆಲ್ಲಗೆ ತಾಗಿಸಿದೆ. ಇನ್ನೂ ಸ್ವಲ್ಪ ಒತ್ತಿದೆ. ರಕ್ತದ ಹನಿ ಬಂತು.

"ಚುಚ್ಚಮ್ಮಾ" ಎಂದಳು ನಗುತ್ತಾ. "ಯಾಕೆ ಸುಮ್ನೆ ಕೂತಿದ್ದೀಯಾ?"

ಅಕ್ಟೋಬರ್ ೫

ಫಿಸಿಯೋ ಹುಡುಗಿ ನನಗೆ ಅಷ್ಟು ತಿಂಗಳಿಂದ ಮಾಡುತ್ತಿದ್ದದ್ದೂ ಅದೇ. ಮುಟ್ಟುವುದು, ಗೊತ್ತಾಯ್ತಾ ಎಂದು ಕೇಳುವುದು. ಆದರೂ ನನ್ನ ಮಂಡೆಗೆ ಹೊಳೆಯಲಿಲ್ಲ.

ಅಮ್ಮ ಆಡುತ್ತಿದ್ದದ್ದು ಆಟವಾಗಿರಲಿಲ್ಲ. ದಿನವೂ ರಸ್ತೆ ದಾಟುವಾಗ ಅವಳು ನನ್ನ ಬೆರಳಿನಲ್ಲಿ ಜೀವ ಇದೆಯೇ ಎಂದು ನೋಡುತ್ತಿದ್ದಳು. "ಇದ್ದೀನಿ" ಎಂದು ನಾನು ಹೇಳಿದಾಗಲೆಲ್ಲ ಅವಳು ಉಸಿರು ಬಿಡುತ್ತಿದ್ದದ್ದು ನನಗೆ ಈಗ ಕೇಳಿಸುತ್ತಿದೆ.

ನಾನು ಮಾತ್ರ ಇಷ್ಟು ತಿಂಗಳು ಖಾಲಿ ಗಾಳಿಗೆ ಕೈ ಚಾಚಿಕೊಂಡು, ಹೆತ್ತ ಮಗಳನ್ನು ಇನ್ನೊಂದು ಬದಿಗೆ ತಳ್ಳಿದೆ. ಸುಳ್ಳು ಹೇಳುತ್ತೀಯಾ ಎಂದು ಬೈದೆ.

ಮನೆಯವರಿಗೆ ಎಲ್ಲ ಹೇಳಿದೆ, ಆ ಹಿಡಿತದ ವಿಷಯವನ್ನೂ. ಅವರು ಬೈಯಲಿಲ್ಲ. ಕಪಾಟಿನ ಮೇಲಿದ್ದ ರಬ್ಬರ್ ಚೆಂಡು ತೆಗೆದು ಧೂಳು ಒರೆಸಿ ಕೈಗೆ ಕೊಟ್ಟರು. "ಮೊದ್ಲು ನಿನ್ನ ಕೈ ಗಟ್ಟಿ ಮಾಡ್ಕೋ. ಅವಳನ್ನ ಹಿಡ್ಕೋಬೇಕಲ್ಲ" ಎಂದರು.

ಅಕ್ಟೋಬರ್ ೧೨

ಸ್ಕ್ಯಾನ್ ಆಯಿತು. ಗುಂಡಿಯ ಎಡತೋಳಿನಲ್ಲಿ, ಮೊಣಕೈಗಿಂತ ಮೇಲೆ, ಗಂಟು. ಹೊರಗಿನಿಂದ ಕೈಗೆ ಸಿಗುವುದೇ ಇಲ್ಲ.

"ಚಿಕ್ಕದು. ಬದಿಯ ಎಳೆಗಳಲ್ಲಿದೆ, ಬಿಡಿಸಬಹುದು ಅನ್ಸುತ್ತೆ. ಇನ್ನೊಂದು ವರ್ಷ ಆಗಿದ್ರೆ ಹೀಗೆ ಹೇಳೋಕಾಗ್ತಿರಲಿಲ್ಲ" ಎಂದರು ಸರ್ಜನ್. "ಮಕ್ಕಳು ಇದನ್ನ ಹೇಳೋದೇ ಇಲ್ಲ, ಅವಕ್ಕೆ ಗೊತ್ತೇ ಆಗಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

"ನಮ್ಮಮ್ಮ ಹೇಳಿದ್ರು" ಎಂದೆ. ಪುಣ್ಯಕ್ಕೆ ಅಮ್ಮ ಎಲ್ಲಿದ್ದಾರೆ ಎಂದು ಕೇಳಲಿಲ್ಲ. ಮುಂದಿನ ಬುಧವಾರ ಆಪರೇಷನ್. ಮಷೀನ್ ಕೂಗುತ್ತದಲ್ಲಾ ಎಂದು ನಾನೇ ಮತ್ತೆ ಮತ್ತೆ ಕೇಳಿದೆ. ಕೂಗುತ್ತೆ ಕಣಮ್ಮ, ಕೂಗುತ್ತೆ ಎಂದರು.

ಮನೆಯವರು ಔಷಧಿಗೆ ನಿಂತರು. ನಾವಿಬ್ಬರೂ ಮುಂದೆ ಬಂದೆವು. ಸಿಗ್ನಲ್ ಹತ್ತಿರ ಗುಂಡಿ ಎಂದಿನಂತೆ ನನ್ನ ಎಡಕ್ಕೆ ಹೋಗಲು ಹೊರಟಳು. ನಾನು ಸುತ್ತಿಕೊಂಡು ಅವಳ ಎಡಬದಿಗೆ ಹೋದೆ. ಅವಳ ಎಡಗೈ ಗಾಳಿಯಲ್ಲಿ ಚಾಚಿಯೇ ಇತ್ತು. ಅಲ್ಲಿ ಯಾರೂ ಕಾಣಲಿಲ್ಲ. ಆದರೂ ಬಾಯಿ ಬಿಟ್ಟು ಹೇಳಿದೆ, "ಅಮ್ಮಾ, ಬಿಡು. ಇನ್ನು ನಾನು ಹಿಡ್ಕೋತೀನಿ."

ನನ್ನ ಬಲಗೈಯಿಂದ ಆ ಎರಡು ಬೆರಳು ಹಿಡಿದೆ. ನನ್ನ ಕಿರುಬೆರಳಿಗೆ ಅವಳ ಚರ್ಮದ ಬಿಸುಪು ತಿಳಿಯಿತು, ಉಗುರಿನ ಅಂಚು ತಿಳಿಯಿತು, ಸೂಜಿ ಚುಚ್ಚಿದ ಜಾಗದ ಹಕ್ಕಳೆಯೂ ತಿಳಿಯಿತು. ಎಲ್ಲವೂ ತಡೆಯಿತು. ನಾನು ಇಷ್ಟು ದಿನ ಬೇಡವೆಂದ ನನ್ನದೇ ಬೆರಳು ಅದು. ಹಸಿರು ಬಿತ್ತು, ಇಳಿದೆವು. ನಡುರಸ್ತೆಯಲ್ಲಿ ಮೆಲ್ಲಗೆ ಚಿವುಟಿ ಕೇಳಿದೆ.

"ಇದ್ದೀಯಾ?"

ಗುಂಡಿ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ತನ್ನ ಬಲಕ್ಕೆ ನೋಡಿದಳು.

"ಅವ್ರು ಈಗ ಈ ಕಡೆ ಬಂದಿದ್ದಾರೆ. ಇಬ್ಬರೂ ಒಟ್ಟಿಗೆ ಕೇಳಿದ್ರೆ ನಾನು ಯಾರಿಗೆ ಹೇಳ್ಲಿ?"

"ನನಗೆ" ಎಂದೆ. "ನನಗೆ ಹೇಳು. ನನಗೇ ಹೇಳು ಪುಟ್ಟಾ."

ಅವಳು ಬಲಗಡೆಯ ಖಾಲಿ ಜಾಗಕ್ಕೆ, ದೊಡ್ಡವರಿಗೆ ಹೇಳುವಷ್ಟೇ ಮರ್ಯಾದೆಯಿಂದ, "ನಿಮಗೆ ಆಮೇಲೆ ಹೇಳ್ತೀನಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ "ಇದ್ದೀನಿ" ಎಂದಳು.